ಟ್ಯಾಂಕ್ ಮಾದರಿಗೆ ಸ್ಟೀಲ್ ಟ್ರ್ಯಾಕ್ ತರಿಸುವವರೇ, ಮುಂಗಡ ಕೊಡುವ ಮೊದಲು ಇದನ್ನು ಓದಿ

27,000 ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ದೊಡ್ಡಪ್ಪನ ಎದುರು ತಲೆ ತಗ್ಗಿಸಬೇಕಾಯಿತಲ್ಲ, ಆ ಸಂಕಟ ಇನ್ನೂ ಇಳಿದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಶೆಡ್ಡಿನಲ್ಲಿ ಎರಡು ವರ್ಷದಿಂದ ರಿಮೋಟಿನಲ್ಲಿ ಓಡುವ ಟಿ-55 ಟ್ಯಾಂಕ್ ಕಟ್ಟುತ್ತಿದ್ದೇನೆ. ಅಸಲಿನ ಆರನೇ ಒಂದು ಅಳತೆ. ಒಡಲೇ ಒಂದು ಮೀಟರಿಗಿಂತ ಉದ್ದ. ದೊಡ್ಡಪ್ಪ ಸೇನೆಯಲ್ಲಿ ಓಡಿಸಿದ ಟ್ಯಾಂಕ್ ಅದು. ತಗಡು ಕತ್ತರಿಸಿದ್ದು, ವೆಲ್ಡಿಂಗ್ ಮಾಡಿದ್ದು, ಬದಿಗೆ ಐದೈದು ಚಕ್ರ ಕೂರಿಸಿದ್ದು ಎಲ್ಲವೂ ನಾನೇ. ಮೊದಲ ಮತ್ತು ಎರಡನೆಯ ಚಕ್ರಗಳ ನಡುವೆ ಅಂತರ ಹೆಚ್ಚಿರಬೇಕೆಂದು ಎರಡು ಸಲ ಬಿಚ್ಚಿಸಿದವರು ದೊಡ್ಡಪ್ಪ.

ಟ್ರ್ಯಾಕ್, ಅಂದರೆ ಚಕ್ರಗಳನ್ನು ಸುತ್ತುವರಿಯುವ ಕೊಂಡಿಗಳ ಪಟ್ಟಿ ಮಾತ್ರ ನನ್ನ ಕೈಯಲ್ಲಾಗುವ ಕೆಲಸವಲ್ಲ. ಬದಿಗೆ 90ರಂತೆ 180 ಕೊಂಡಿ, ಎಲ್ಲವೂ ಒಂದೇ ಅಳತೆಗೆ ಬರಬೇಕು. ಇಲ್ಲದಿದ್ದರೆ ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರದಿಂದ (ಸ್ಪ್ರಾಕೆಟ್) ಜಾರುತ್ತದೆ. ಮಂಗಳೂರಿನ ಕಡೆಯವನೊಬ್ಬ ಮಾಡಿಕೊಡುತ್ತೇನೆಂದ. ಕೊಂಡಿಗೆ 150 ರೂಪಾಯಿ, ಸ್ಟೀಲಿನದು, ಒಂದೊಂದೂ 70 ಗ್ರಾಂ. ಚಂದದ ಕನ್ನಡ, ಮಾತಿಗೊಮ್ಮೆ "ಅಣ್ಣ". ನಂಬಿದೆ. 10,000 ಮುಂಗಡ. ತಿಂಗಳ ಬಳಿಕ ಒಂದು ವೀಡಿಯೊ ಬಂತು: ಮೇಜಿನ ಮೇಲೆ ಟ್ರ್ಯಾಕ್, ಖಣಖಣ ಸದ್ದು. ಉಳಿದ 17,000ವನ್ನೂ ಆ ರಾತ್ರಿಯೇ ಕಳುಹಿಸಿದೆ.

ಪಾರ್ಸೆಲ್ ಬಂದಾಗ ದೊಡ್ಡಪ್ಪ ಜಗಲಿಯಲ್ಲೇ ಕುಳಿತಿದ್ದರು. ಹನ್ನೆರಡೂವರೆ ಕಿಲೋ ಇರಬೇಕಾದ ಪೆಟ್ಟಿಗೆಯನ್ನು ಕೊರಿಯರ್ ಹುಡುಗ ಒಂದೇ ಕೈಯಲ್ಲಿ ಚಾಚಿದ. ಅಲ್ಲೇ ಎದೆ ಧಸಕ್ಕೆಂದಿತು. ಬಿಚ್ಚಿದರೆ ನೋಟಕ್ಕೆ ಸ್ಟೀಲೇ. ಬೂದು ಬಣ್ಣ, ಅಂಚಿನಲ್ಲಿ ತುಕ್ಕಿನ ಗುರುತು ಕೂಡ! ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದೆ. ಅಂಟಲಿಲ್ಲ. ಇನ್ನೊಂದಕ್ಕೆ ಹಿಡಿದೆ. ಅಂಟಲಿಲ್ಲ. ಪೀಶಕತ್ತಿಯಿಂದ ಗೀರಿದರೆ ಬಣ್ಣದಡಿಯಲ್ಲಿ ಬಿಳಿ ಪ್ಲಾಸ್ಟಿಕ್, ಪದರದ ಮೇಲೆ ಪದರ. ಥ್ರೀಡಿ ಪ್ರಿಂಟ್ ತೆಗೆದು ಬಣ್ಣ ಬಳಿದದ್ದು. 60 ಕಿಲೋದ ಬಂಡಿ ಮುರಕಲ್ಲಿನ ಅಂಗಳದಲ್ಲಿ ಇದರ ಮೇಲೆ ತಿರುಗಿದರೆ ಕೊಂಡಿಗಳನ್ನು ಜೋಡಿಸುವ ಪಿನ್ನಿನ ತೂತುಗಳು ಉಳಿಯುತ್ತವೆಯೇ? ದೊಡ್ಡಪ್ಪ ಒಂದು ಕೊಂಡಿಯನ್ನು ಎತ್ತಿ ನೋಡಿ, ಏನೂ ಹೇಳದೆ ಪೆಟ್ಟಿಗೆಯೊಳಗಿಟ್ಟರು.

ಫೋನ್ ಮಾಡಿದೆ. "ಇದು ಸ್ಟೀಲಿಗಿಂತ ಗಟ್ಟಿ ಅಣ್ಣ" ಎಂದ. ಸ್ಟೀಲ್ ಎಂದು ನೀನೇ ಬರೆದ ಸಂದೇಶವಿದೆಯಲ್ಲ ಎಂದರೆ, "ಅದು ಬಣ್ಣದ ಹೆಸರು, ಸ್ಟೀಲ್ ಗ್ರೇ." ಬಣ್ಣದ ಹೆಸರಂತೆ! ಹಾಗಾದರೆ 70 ಗ್ರಾಂ ಎಂದದ್ದು? ಅದಕ್ಕೆ ಉತ್ತರವಿಲ್ಲ. "ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ?" ಕೊನೆಗೆ, "ನೀವು ಕೇರಳದವರು, ಇಲ್ಲಿ ಬಂದು ಏನು ಮಾಡುತ್ತೀರಿ?" ದುಡ್ಡು ಕೈಸೇರುವವರೆಗೆ ಅಣ್ಣ, ಸೇರಿದ ಮೇಲೆ ಕೇರಳದವನು. ಕಾಸರಗೋಡಿನ ಕನ್ನಡಿಗರಿಗೆ ಈ ಮಾತು ಎಲ್ಲಿ ನಾಟುತ್ತದೆಂದು ವಿವರಿಸಬೇಕಾಗಿಲ್ಲ. ಮರುದಿನದಿಂದ ನನ್ನ ನಂಬರ್ ಬ್ಲಾಕ್.

ಕೇರಳದವರು ಏನೂ ಮಾಡಲಾಗದೆಂಬ ಅವನ ಮಾತೂ ಸುಳ್ಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಕೊಡುತ್ತಿದ್ದೇನೆ, ಸಂದೇಶಗಳನ್ನೆಲ್ಲ ಮುದ್ರಿಸಿಟ್ಟಿದ್ದೇನೆ. ನೀವು ಯಾರಿಂದ ತರಿಸಿದರೂ ವೀಡಿಯೊ ನೋಡಿ ದುಡ್ಡು ಕಳುಹಿಸಬೇಡಿ. ಮೊದಲು ಒಂದು ಕೊಂಡಿ ಕೈಗೆ ಬರಲಿ. ಅಯಸ್ಕಾಂತ ಹಿಡಿಯಿರಿ, ತಕ್ಕಡಿಗೆ ಹಾಕಿ. ಅಷ್ಟಾಗುವವರೆಗೆ ಅವನು ಎಷ್ಟು ಸಲ ಅಣ್ಣ ಎಂದರೂ ಮುಂಗಡದ ಮಾತೆತ್ತಬೇಡಿ.