ಆ ಒಂದೇ ಸ್ಯಾಂಪಲ್ ಬ್ಯಾಗನ್ನು ನಾನು ವಾಪಸ್ ಕಳಿಸಬಾರದಿತ್ತು

ಸ್ವಂತ ಹೆಸರಿನಲ್ಲಿ ಲೆದರ್ ಬ್ಯಾಗ್ ಮಾರಬೇಕು ಅಂತ ಹೊರಟವರು, ಐವತ್ತೋ ನೂರೋ ಬ್ಯಾಗ್ ಹೊಲಿಸಲು ಯೂನಿಟ್ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಹೋಯಿತು. ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಬೇರೆ. ನನ್ನನ್ನು ನಂಬಿ ಮೊದಲ ಬ್ಯಾಗ್ ಕೊಂಡವರ ಮುಂದೆ ತಲೆ ತಗ್ಗಿಸಬೇಕಾಯಿತು.

ನಾನಿರುವುದು ಬೆಂಗಳೂರಿನಲ್ಲಿ. ಡಿಸೈನ್ ನನ್ನದೇ. ಆಫೀಸಿಗೆ ಹೋಗುವ ಹೆಂಗಸರಿಗೆ ಲ್ಯಾಪ್‌ಟಾಪ್, ಊಟದ ಡಬ್ಬಿ, ಕೊಡೆ ಎಲ್ಲ ಹಿಡಿಯುವಂಥ ಒಂದು ಟೋಟ್ ಬ್ಯಾಗ್. ಇಲ್ಲಿ ವಿಚಾರಿಸಿದ ಕಡೆಯೆಲ್ಲ ಕನಿಷ್ಠ 200 ಪೀಸ್ ಕೊಡಿ ಅಂದರು. ಮುಂಬೈನ ಧಾರಾವಿಯಲ್ಲಿ ಹತ್ತೇ ಬ್ಯಾಗ್ ಬೇಕಂದರೂ ಮಾಡಿಕೊಡುವವರಿದ್ದಾರೆ ಅಂತ ಗೊತ್ತಾಯಿತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದೆ. ರಸ್ತೆಯುದ್ದಕ್ಕೂ ಲೆದರ್ ಅಂಗಡಿಗಳು. ಹಿಂದಿನ ಗಲ್ಲಿಗಳಲ್ಲಿ ಕಬ್ಬಿಣದ ಏಣಿ ಹತ್ತಿದರೆ ಒಂದೊಂದು ಅಟ್ಟದಲ್ಲೂ ನಾಲ್ಕೈದು ಮಷೀನು. ಅಲ್ಲಿನ ಕಾರೀಗರರ ಕೈಚಳಕ ನಿಜಕ್ಕೂ ದೊಡ್ಡದು. ನನಗೆ ಮೋಸ ಮಾಡಿದ್ದು ಒಬ್ಬರು. ಅದೇ ಗಲ್ಲಿಯಲ್ಲಿ ಪ್ರಾಮಾಣಿಕವಾಗಿ ದುಡಿಯುವವರು ಎಷ್ಟೋ ಜನ ಇದ್ದಾರೆ. ಈ ಮಾತು ಮೊದಲೇ ಹೇಳಿಬಿಡುತ್ತೇನೆ.

ಇಪ್ಪತ್ತು ದಿನಕ್ಕೆ ಸ್ಯಾಂಪಲ್ ಬಂತು. ಜೇನು ಬಣ್ಣದ ಎಮ್ಮೆ ಚರ್ಮ. ಎಮ್ಮೆ ಯಾವುದೋ ಬೇಲಿಗೆ ಮೈ ಉಜ್ಜಿಕೊಂಡಿದ್ದ ಗೀರು ಕೂಡ ಒಂದು ಮೂಲೆಯಲ್ಲಿ ಕಾಣುತ್ತಿತ್ತು. ಅಂಚಿಗೆ ಮೂರು ಸಲ ಬಣ್ಣ ಬಳಿದು ನುಣ್ಣಗೆ ಮಾಡಿದ್ದರು. ಜಿಪ್ಪಿನ ಎಳೆಯುವ ತುದಿಯಲ್ಲಿ ವೈಕೆಕೆ ಅನ್ನುವ ಹೆಸರುವಾಸಿ ಜಿಪ್ ಕಂಪನಿಯ ಅಕ್ಷರ. ನಾನು ಅದಕ್ಕೆ ಎಂಟು ಕೆಜಿ ಅಕ್ಕಿ ತುಂಬಿ ಒಂದು ರಾತ್ರಿ ಬಾಗಿಲಿಗೆ ನೇತುಹಾಕಿದೆ. ಹ್ಯಾಂಡಲ್ ಒಂದು ಎಳೆಯೂ ಜಗ್ಗಲಿಲ್ಲ. ಮಾರನೇ ದಿನವೇ 60 ಬ್ಯಾಗಿಗೆ ಆರ್ಡರ್ ಕೊಟ್ಟೆ. ಬ್ಯಾಗಿಗೆ 2,100 ರೂಪಾಯಿ, ಅರ್ಧ ಅಡ್ವಾನ್ಸ್.

ತಪ್ಪು ಆಗಿದ್ದು ಆಮೇಲೆ. "ನೋಡಿಕೊಂಡು ಮಾಡಬೇಕಲ್ಲ, ಸ್ಯಾಂಪಲ್ ವಾಪಸ್ ಕಳಿಸಿ" ಅಂದರು. ಸರಿ ಅನ್ನಿಸಿತು. ಕೊರಿಯರ್ ಮಾಡಿಬಿಟ್ಟೆ. ನನ್ನ ಹತ್ತಿರ ಉಳಿದಿದ್ದು ಫೋನಿನಲ್ಲಿದ್ದ ನಾಲ್ಕು ಫೋಟೋ ಮಾತ್ರ.

ಜುಲೈ ಕೊನೆಗೆ ಮಾಲು ರೆಡಿ ಅಂತ ವಿಡಿಯೋ ಬಂತು. ಸಾಲಾಗಿ ಜೋಡಿಸಿದ ಬ್ಯಾಗುಗಳು, ಅದೇ ಜೇನು ಬಣ್ಣ. ಬಾಕಿ ಹಣ ಕಟ್ಟಿದ ಮೇಲೆ ಲಾರಿಗೆ ಹಾಕಿದರು. ಡಬ್ಬ ಬಿಚ್ಚಿದಾಗ ಮೊದಲು ಬಂದಿದ್ದು ಬಣ್ಣದ ಡಬ್ಬಿಯ ಥರದ ವಾಸನೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದ್ದರಿಂದ ಹತ್ತು ಬ್ಯಾಗಿಗೆ ಬಿಳಿ ಬೂಷ್ಟು ಕೂಡ ಬಂದಿತ್ತು. ಅದನ್ನು ಒರೆಸಿ ಒಣಗಿಸಿದೆ. ಹೊಸ ಮಾಲಿನ ವಾಸನೆ ಇರಬಹುದು ಅಂದುಕೊಂಡೆ. ಅವತ್ತೇ ಒಂದು ಬ್ಯಾಗ್ ಕತ್ತರಿಸಿ ನೋಡಬೇಕಿತ್ತು. ಮನಸ್ಸು ಬರಲಿಲ್ಲ.

37 ಬ್ಯಾಗ್ ಮಾರಾಟವಾದವು. ಆರನೇ ವಾರಕ್ಕೆ ಧಾರವಾಡದ ಒಬ್ಬ ಟೀಚರ್ ಫೋಟೋ ಕಳಿಸಿದರು. ಹ್ಯಾಂಡಲ್ ಮಡಿಚುವ ಜಾಗದಲ್ಲಿ ಬಿರುಕು, ಅಲ್ಲಿಂದ ಸಿಪ್ಪೆ ಏಳುತ್ತಿತ್ತು. ಅವರ ಬಿಳಿ ಚೂಡಿದಾರದ ಸೊಂಟದ ಹತ್ತಿರ ಕಂದು ಬಣ್ಣ ಹತ್ತಿತ್ತು. ಬ್ಯಾಗ್ ತರಿಸಿಕೊಂಡೆ. ಅಡುಗೆಮನೆ ಕಟ್ಟೆಯ ಮೇಲಿಟ್ಟು ಬ್ಲೇಡಿನಿಂದ ಹ್ಯಾಂಡಲ್ ಸೀಳಿದೆ. ಮೇಲಿನ ಪದರ ಕಾಯಿಸಿದ ಹಾಲಿನ ಕೆನೆಯ ಹಾಗೆ ಒಂದೇ ಸಲಕ್ಕೆ ಎದ್ದು ಬಂತು. ಕೆಳಗೆ ಬೂದು ಬಣ್ಣದ, ಹಿಂಜಿದ ಹತ್ತಿಯಂಥ ನಾರು. ಒಳಗೆ ಗಟ್ಟಿ ಪಟ್ಟಿಯ ಬದಲು ರಟ್ಟು ಹಾಕಿದ್ದರು. ಜಿಪ್ಪಿನ ಮೇಲೆ ಯಾವ ಅಕ್ಷರವೂ ಇಲ್ಲ. ಹಿತ್ತಾಳೆ ಅಂದಿದ್ದ ರಿಂಗಿಗೆ ಫ್ರಿಜ್ಜಿನ ಮ್ಯಾಗ್ನೆಟ್ ಅಂಟಿಕೊಂಡಿತು. (ಅಂಟಲಿಲ್ಲ ಅಂದರೆ ಹಿತ್ತಾಳೆ ಅಂತಲೂ ಅಲ್ಲ. ಸತುವಿನ ಎರಕಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಅಂಟಿದರೆ ಮಾತ್ರ ಒಳಗೆ ಕಬ್ಬಿಣ ಅಂತ ಖಾತ್ರಿ.)

ಆ ತುಂಡನ್ನು ಹಿರಿಯ ಕಸುಬುದಾರರೊಬ್ಬರಿಗೆ ತೋರಿಸಿದೆ. ಬೆರಳಲ್ಲಿ ತಿಕ್ಕಿ "ಇದು ಸ್ಪ್ಲಿಟ್" ಅಂದರು. ಎಮ್ಮೆ ಚರ್ಮ ದಪ್ಪ. ಅದನ್ನು ಮಷೀನಿನಲ್ಲಿ ಅಡ್ಡಲಾಗಿ ಸೀಳುತ್ತಾರೆ. ಕೂದಲಿದ್ದ ಮೇಲಿನ ಪದರದಲ್ಲಿ ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ, ಅದಕ್ಕೆ ಬಾಳಿಕೆ ಜಾಸ್ತಿ. ಕೆಳಗಿನ ಪದರ ಸಡಿಲ. ಅದರ ಮೇಲೆ ಪ್ಲಾಸ್ಟಿಕ್ ಪದರ ಹಚ್ಚಿ, ಚರ್ಮದ ಗೆರೆಗಳ ಅಚ್ಚು ಒತ್ತಿದರೆ ಹೊಸದರಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಮಾತ್ರ ಗೊತ್ತಾಗುತ್ತದೆ, ಅಲ್ಲಿ ಬಣ್ಣ ಬಳಿದು ಮುಚ್ಚಿರುತ್ತಾರೆ.

ಹೀಗೇಕಾಯಿತು ಅಂತಲೂ ಅವರೇ ಬಿಡಿಸಿ ಹೇಳಿದರು. ನನ್ನಂಥ ಚಿಕ್ಕ ಆರ್ಡರಿನವರು ಅವಶ್ಯವಾಗಿ ತಿಳಿದುಕೊಳ್ಳಬೇಕಾದ ವಿಷಯ ಇದು. ನನ್ನ ಬ್ಯಾಗ್ ಒಂದಕ್ಕೆ ವೇಸ್ಟ್ ಸೇರಿ 6 ಚದರಡಿ ಲೆದರ್ ಬೇಕು. 60 ಬ್ಯಾಗಿಗೆ 360 ಅಡಿ. ಇಷ್ಟು ಕಡಿಮೆಗೆ ಟ್ಯಾನರಿಯವರು (ಚರ್ಮ ಹದ ಮಾಡುವವರು) ಬೇರೆಯಾಗಿ ಬಣ್ಣ ಹಾಕಿಕೊಡುವುದು ಕಷ್ಟ. ಹಾಗಾಗಿ ಚಿಕ್ಕ ಯೂನಿಟ್‌ಗಳು ಎಕ್ಸ್‌ಪೋರ್ಟ್ ಆರ್ಡರಿನಲ್ಲಿ ಉಳಿದ ಮಾಲನ್ನು ಕೊಳ್ಳುತ್ತವೆ. ಸ್ಟಾಕ್ ಲಾಟ್ ಅನ್ನುತ್ತಾರೆ. ಎಷ್ಟೋ ಸಲ ಅದು ಒಳ್ಳೆಯ ಚರ್ಮವೇ. ಆದರೆ ಮುಗಿದರೆ ಮುಗಿಯಿತು, ಅದೇ ಬಣ್ಣ, ಅದೇ ದಪ್ಪ ಮತ್ತೆ ಸಿಗುವುದಿಲ್ಲ. ನನ್ನ ಸ್ಯಾಂಪಲ್ ಅಂಥ ಒಂದು ಲಾಟಿನ ಕೊನೆಯ ತುಂಡಿನಲ್ಲಿ ಮಾಡಿದ್ದಿರಬೇಕು. ಚರ್ಮ ಸಿಗುತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಬಣ್ಣ ಬದಲಿಸಿಕೊಳ್ಳುತ್ತಿದ್ದೆ. ಹೇಳಲಿಲ್ಲ. ಬಣ್ಣ ಹೊಂದುವ ಅಗ್ಗದ ಮಾಲು ಹಾಕಿ ಮುಗಿಸಿದರು.

ಫೋನ್ ಮಾಡಿದೆ. "ಬಿಲ್ಲಿನಲ್ಲಿ ಜೆನ್ಯೂಯಿನ್ ಲೆದರ್ ಅಂತ ಬರೆದಿದ್ದೇವೆ, ಕೊಟ್ಟಿದ್ದೂ ಲೆದರೇ" ಅಂದರು. ಇದಕ್ಕೆ ಉತ್ತರ ಕೊಡಲಾಗಲಿಲ್ಲ. ಜೆನ್ಯೂಯಿನ್ ಅನ್ನುವುದು ದರ್ಜೆಯ ಹೆಸರಲ್ಲ. ಸ್ಪ್ಲಿಟ್ ಕೂಡ ಪ್ರಾಣಿಯ ಚರ್ಮವೇ, ಆ ಪದ ಎರಡಕ್ಕೂ ಹೊಂದುತ್ತದೆ. ಆರ್ಡರಿನಲ್ಲಿ ಫುಲ್ ಗ್ರೇನ್ (ಉಜ್ಜಿ ತೆಗೆಯದ ಮೇಲಿನ ಪದರ) ಅಂತ, ಎಷ್ಟು ಮಿಲಿಮೀಟರ್ ದಪ್ಪ ಅಂತ ನಾನು ಬರೆಸಿರಲಿಲ್ಲ. ಎರಡನೇ ಸಲ ಫೋನ್ ಮಾಡಿದಾಗ ಸ್ಯಾಂಪಲ್ ಕೇಳಿದೆ. "ಎಲ್ಲಿದೆಯೋ, ಕಳೆದುಹೋಗಿದೆ" ಅಂತ ಉತ್ತರ ಬಂತು.

ಪರಿಚಯದ ವಕೀಲರ ಹತ್ತಿರ ಹೋದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ ಅಂದರೆ ಆಗುವುದಿಲ್ಲವಂತೆ. ಮರುಮಾರಾಟಕ್ಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರ ಲೆಕ್ಕಕ್ಕೆ ಬರುವುದಿಲ್ಲ. ನನ್ನಿಂದ ಕೊಂಡವರು ಮಾತ್ರ ನನ್ನ ಮೇಲೆ ದೂರು ಕೊಡಬಹುದು. ನಮ್ಮಂಥವರಿಗೆ ಇರುವುದು 1930ರ ಸರಕು ಮಾರಾಟ ಕಾಯ್ದೆ. ಅದರ 17ನೇ ಸೆಕ್ಷನ್ ಸ್ಯಾಂಪಲ್ ತೋರಿಸಿ ಮಾರುವುದರ ಬಗ್ಗೆಯೇ ಇದೆ. ಮಾಲಿನ ಗುಣ ಸ್ಯಾಂಪಲ್‌ಗೆ ಹೊಂದಬೇಕು, ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಕೊಳ್ಳುವವರಿಗೆ ಅವಕಾಶ ಇರಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದೆ. ವಕೀಲರು ಕೇಳಿದ್ದು ಒಂದೇ ಪ್ರಶ್ನೆ, "ಸ್ಯಾಂಪಲ್ ಎಲ್ಲಿ?"

29 ಜನಕ್ಕೆ ಹಣ ವಾಪಸ್ ಕೊಟ್ಟೆ. ಉಳಿದ ಎಂಟು ಜನ ಬೇಡ ಅಂದರು.

ಈಗ ಮತ್ತೆ ಶುರು ಮಾಡಿದ್ದೇನೆ, 24 ಬ್ಯಾಗಿನಿಂದ. ಈ ಸಲ ಚರ್ಮ ನಾನೇ ಕೊಂಡೆ. ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದರೆ ಚರ್ಮದ ಮಾರುಕಟ್ಟೆ ಇರುವ ಪೆರಿಯಮೇಡು ಹತ್ತಿರವೇ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯ ಟ್ಯಾನರಿ ಮಾಲು ಅಲ್ಲಿಗೆ ಬರುತ್ತದೆ. ಒಂದೊಂದು ಚರ್ಮದ ಮೂಲೆ ಕತ್ತರಿಸಿ ಅಂಚು ನೋಡಿದೆ, ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ತಿಕ್ಕಿದೆ, ದಪ್ಪ ಅಳೆದೆ. ಹೊಲಿಯುವವರಿಗೆ ಇಷ್ಟು ಅಡಿ ಅಂತ ಲೆಕ್ಕ ಬರೆದು ಕೊಟ್ಟು, ಉಳಿದ ಚೂರನ್ನೂ ವಾಪಸ್ ಇಸ್ಕೊಂಡೆ. ಜಿಪ್ಪು, ರಿಂಗು ಎಲ್ಲ ನಾನೇ ತಂದುಕೊಟ್ಟೆ. ಓಡಾಟ ಜಾಸ್ತಿ, ಖರ್ಚೂ ಸ್ವಲ್ಪ ಜಾಸ್ತಿ. ಸ್ಯಾಂಪಲ್ ಎರಡು ಮಾಡಿಸಿದೆ, ಒಂದೇ ಚರ್ಮದಲ್ಲಿ. ಎರಡರ ಒಳಗೂ ಬಟ್ಟೆಯ ಚೀಟಿ ಹೊಲಿಸಿ ಇಬ್ಬರೂ ಸಹಿ ಹಾಕಿ ತಾರೀಖು ಬರೆದೆವು. ಒಂದು ಅವರ ಹತ್ತಿರ, ಒಂದು ನನ್ನ ಬೀರುವಿನಲ್ಲಿ. ಬಾಕಿ ಹಣ ಕಟ್ಟಿದ್ದು ಅವರ ಟೇಬಲ್ಲಿನ ಮೇಲೆ 24 ಬ್ಯಾಗನ್ನೂ ಒಂದೊಂದಾಗಿ ತೆರೆದು, ನನ್ನ ಸ್ಯಾಂಪಲ್ ಪಕ್ಕದಲ್ಲಿಟ್ಟು ನೋಡಿದ ಮೇಲೆ. ಆ ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ಬ್ಯಾಗಿನ ಹೊಲಿಗೆ ವಾರೆಯಾಗಿದೆ ಅಂತ ಅವರೇ ತೆಗೆದಿಟ್ಟರು.

ನೀವು ಈಗಾಗಲೇ ಆರ್ಡರ್ ಕೊಟ್ಟು, ಸ್ಯಾಂಪಲ್ ಕೂಡ ಕಳಿಸಿಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ. ಸ್ಯಾಂಪಲ್ ಜೊತೆಗೆ, ನಿಮ್ಮ ಮಾಲಿಗೆ ಕತ್ತರಿಸುತ್ತಿರುವ ಚರ್ಮದ ಅಂಗೈಯಗಲ ತುಂಡು, ಅಂಚಿಗೆ ಬಣ್ಣ ಬಳಿಯದೇ ಇರುವಂಥದ್ದು, ಕಳಿಸಿಕೊಡಿ ಅಂತ ಕೇಳಿ. ಅವೆರಡೂ ನಿಮ್ಮ ಕೈಗೆ ಬರುವವರೆಗೆ ಬಾಕಿ ಹಣ ಕಟ್ಟಬೇಡಿ.