ಮೂರು ವರ್ಷ ಬಳಸಿದ ಡ್ರಿಲ್ ಸ್ಟ್ಯಾಂಡ್: ಸರ್ಕ್ಯೂಟ್ ಬೋರ್ಡ್ ಕೊರೆಯುವವರಿಗಾಗಿ

ಕಲಬುರಗಿಯ ನಮ್ಮ ಮನೆಯಲ್ಲಿ, ಟ್ಯಾಂಕ್ ತುಂಬಿದೊಡನೆ ಪಂಪ್ ನಿಲ್ಲಿಸುವಂಥ ಚಿಕ್ಕ ಸರ್ಕ್ಯೂಟ್‌ಗಳನ್ನು ನಾನೇ ತಯಾರಿಸುತ್ತೇನೆ. ಫೆರಿಕ್ ಕ್ಲೋರೈಡ್‌ನಲ್ಲಿ ಬೋರ್ಡಿನ ಬೇಡದ ತಾಮ್ರ ಕರಗಿಸುವವರೆಗೆ ಎಲ್ಲವೂ ಸಲೀಸಾಗಿ ಸಾಗುತ್ತಿತ್ತು. ಕೈಯಲ್ಲಿ ಹಿಡಿದ ಡ್ರಿಲ್‌ನಿಂದ ತೂತು ಕೊರೆಯುವಾಗ ಮಾತ್ರ ಕೆಲಸ ಕೆಡುತ್ತಿತ್ತು. ಅದಕ್ಕಾಗಿಯೇ ಮೂರು ವರ್ಷಗಳ ಹಿಂದೆ 12 ವೋಲ್ಟಿನ 775 ಮಾದರಿಯ ಮೋಟರ್ ಇರುವ ಈ ಸ್ಟ್ಯಾಂಡ್ ಕೊಂಡೆ.

ಮೊದಲ ತಿಂಗಳುಗಳಲ್ಲಿ ನಿರಾಸೆಯೇ ಆಯಿತು. 16 ಪಿನ್ನಿನ ಐಸಿ ಬೇಸ್ (ಚಿಪ್ ಸಿಕ್ಕಿಸುವ ಸಾಕೆಟ್) ಕೂರಿಸಲು ಹೋದರೆ ಆರು ಪಿನ್ನುಗಳು ಇಳಿದು, ಏಳನೆಯದು ತೂತಿನ ಅಂಚಿಗೆ ತಾಗಿ ಬಾಗಿತು. ಪಿನ್ನಿಂದ ಪಿನ್ನಿಗೆ ಇರುವ ಅಂತರವೇ 2.54 ಮಿ.ಮೀ.; 1.6 ಮಿ.ಮೀ. ಅಗಲದ ಪ್ಯಾಡಿನಲ್ಲಿ (ಪಿನ್ ಬೆಸೆಯುವ ತಾಮ್ರದ ಬಿಲ್ಲೆಯಲ್ಲಿ) 0.8 ಮಿ.ಮೀ. ತೂತು ಕೊರೆದರೆ ಸುತ್ತಲೂ ಉಳಿಯುವ ತಾಮ್ರ 0.4 ಮಿ.ಮೀ. ಮಾತ್ರ. ತೂತು 0.2 ಮಿ.ಮೀ. ಸರಿದರೂ ಒಂದು ಬದಿಯಲ್ಲಿ ಆ ತಾಮ್ರದ ಅರ್ಧವಷ್ಟೇ ಉಳಿಯುವುದರಿಂದ, ಬೆಸುಗೆಯ ಬಿಸಿಗೆ ಪ್ಯಾಡ್ ಎದ್ದು ಬರುವ ಭಯವಿರುತ್ತದೆ.

ದೋಷವಿದ್ದದ್ದು ಮೋಟರಿನಲ್ಲಲ್ಲ, ಕೊರೆಯುವ ಬಿಟ್ ಹಿಡಿಯಲು ಜೊತೆಗೆ ಕೊಟ್ಟಿದ್ದ ಅಗ್ಗದ ಚಕ್‌ನಲ್ಲಿ. ತಿರುಗುವಾಗ ಬಿಟ್‌ನ ತುದಿ ಓಲಾಡುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅದನ್ನು ತೆಗೆದು, ಬಿಟ್ಟನ್ನು ಸುತ್ತಲಿಂದ ಸಮನಾಗಿ ಬಿಗಿಹಿಡಿಯುವ ಇಆರ್11 ಕಾಲೆಟ್ ಹಾಕಿ, 3.175 ಮಿ.ಮೀ. ದಂಡಿನ ಕಾರ್ಬೈಡ್ ಬಿಟ್ ಕೂರಿಸಿದ ಮೇಲೆ ಓಲಾಟ ಬಹುಮಟ್ಟಿಗೆ ನಿಂತಿತು. ಸ್ಟ್ಯಾಂಡಿನ ಹಗುರವಾದ ತಳವನ್ನು ಶಹಾಬಾದ್ ಕಲ್ಲಿನ ಒಂದು ತುಂಡಿಗೆ ಬೋಲ್ಟ್ ಹಾಕಿ ಬಿಗಿಸಿದ್ದೇನೆ. ನಡುಕ ತಗ್ಗಿಸಲು ಇದಕ್ಕಿಂತ ಸುಲಭದ ಉಪಾಯ ನಮ್ಮ ಊರಿನಲ್ಲಿ ಇನ್ನೊಂದಿಲ್ಲ.

ಗ್ಲಾಸ್ ಎಪಾಕ್ಸಿ ಬೋರ್ಡ್ ಸಾಮಾನ್ಯ ಉಕ್ಕಿನ ಬಿಟ್‌ಗಳನ್ನು ಬೇಗ ಮೊಂಡಾಗಿಸುತ್ತದೆ. ಕಾರ್ಬೈಡ್ ಬಾಳಿಕೆ ಬರುತ್ತದೆಯಾದರೂ, ಬೋರ್ಡ್ ಕೊಂಚ ಪಕ್ಕಕ್ಕೆ ಸರಿದರೆ ಸಾಕು, ಪಟ್ಟನೆ ಮುರಿಯುತ್ತದೆ. ಪ್ಯಾಡಿನ ನಡುವೆ ತಾಮ್ರವಿಲ್ಲದ ಚುಕ್ಕೆ ಬರುವಂತೆ ವಿನ್ಯಾಸದಲ್ಲೇ ಬಿಟ್ಟಿದ್ದರೆ ತುದಿ ತಾನಾಗಿ ಅಲ್ಲಿ ಕೂರುತ್ತದೆ. ಅಡಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಇಟ್ಟರೆ ಕೆಳಬದಿ ಸಿಬಿರೇಳುವುದಿಲ್ಲ. ಮೇ ತಿಂಗಳ ನಮ್ಮ ಸೆಕೆಯಲ್ಲಿಯೂ ಫ್ಯಾನ್ ಆರಿಸಿ, ಮಾಸ್ಕ್ ಮತ್ತು ಕನ್ನಡಕ ಧರಿಸಿಯೇ ಕೊರೆಯಬೇಕು, ಏಕೆಂದರೆ ಹಾರುವುದು ಗಾಜಿನ ನಾರಿನ ಹುಡಿ.

ಈಗ ಕಂಬದ ಮೇಲೆ ಜಾರುವ ಬುಶ್ (ಬಳೆಯಂಥ ಭಾಗ) ಸವೆದು ಹಿಡಿ ಇಳಿಸುವಾಗ ಸ್ವಲ್ಪ ಅಲುಗಾಟ ಬಂದಿದೆ. ತಯಾರಕರು ಬದಲಿ ಬುಶ್ ಮಾರುವುದಿಲ್ಲ, ಹಾಗಾಗಿ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದೊಂದನ್ನು ಮಾಡಲು ಕೊಟ್ಟಿದ್ದೇನೆ. ಕಾಲೆಟ್‌ಗೆ ಬೇರೆಯಾಗಿ ಹಣ ತೆಗೆದಿಡಬಲ್ಲವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಪೆಟ್ಟಿಗೆಯಲ್ಲಿ ಬಂದ ಚಕ್‌ನಿಂದಲೇ ಐಸಿ ಬೇಸ್ ಕೂರಿಸಬೇಕೆನ್ನುವವರಿಗೆ ನಾನು ಇದನ್ನು ಕೊಳ್ಳಿ ಎಂದು ಹೇಳಲಾರೆ.