ಕೋಥ್ರೂಡಿನ ಆನುವಂಶಿಕ ಸಲಹಾ ಕೇಂದ್ರ: ನಮ್ಮ ಅನುಭವ

ಹದಿನಾಲ್ಕನೆಯ ವಯಸ್ಸಿನಿಂದ ನನ್ನ ತಮ್ಮನ ನಡಿಗೆ ತಪ್ಪತೊಡಗಿತ್ತು. ಈಗ ಕತ್ತಲಾದರೆ ಗೋಡೆ ಹಿಡಿಯದೆ ಅವನು ಬಚ್ಚಲಿಗೂ ಹೋಗಲಾರ. ಬೇರೊಂದು ಪ್ರಯೋಗಾಲಯ ಎಕ್ಸೋಮ್ ಪರೀಕ್ಷೆ (ಜೀನುಗಳಲ್ಲಿ ಪ್ರೋಟೀನಿನ ಸೂತ್ರವಿರುವ ಭಾಗಗಳನ್ನು ಓದುವ ಪರೀಕ್ಷೆ) ಮಾಡಿ ದೋಷವಿಲ್ಲವೆಂದು ಬರೆದುಕೊಟ್ಟಿದ್ದರಿಂದ ನಾವು ಒಂದು ವರ್ಷ ಕಳೆದುಕೊಂಡೆವು. ನಡಿಗೆ, ಸಮತೋಲ ಕೆಡಿಸುವ ಆನುವಂಶಿಕ ನರರೋಗವಾದ ಫ್ರೀಡ್ರೀಖ್ ಅಟಾಕ್ಸಿಯಾದಲ್ಲಿ ಎಫ್‌ಎಕ್ಸ್‌ಎನ್ ಎಂಬ ಜೀನಿನೊಳಗೆ ಜಿಎಎ ಎಂಬ ಮೂರಕ್ಷರ ಸಾಮಾನ್ಯವಾಗಿ ನೂರಾರು ಬಾರಿ ಮರುಕಳಿಸಿರುತ್ತದೆ, ಅದನ್ನು ಹಿಡಿಯಲು ಬೇರೆಯೇ ಪಿಸಿಆರ್ ಪರೀಕ್ಷೆ ಬೇಕು ಎಂದು ಪುಣೆಯ ಈ ಕೇಂದ್ರದವರು ಮೊದಲ ಭೇಟಿಯಲ್ಲೇ ತಿಳಿಸಿದರು.

ತಮ್ಮನದು ಇದೇ ಕಾಯಿಲೆ ಎಂದು ವರದಿ ಬಂದ ದಿನ ಸಲಹೆಗಾರ್ತಿ ನಮಗೆ ಪೂರಾ ಒಂದು ಗಂಟೆ ಕೊಟ್ಟರು. ಧಾರವಾಡದಿಂದ ಬಂದಿದ್ದ ಅವ್ವ, “ಇವನ ರಕ್ತದಾಗ ಕಬ್ಬಿಣ ಕಡಿಮಿ ಆಗೇದೇನ್ರೀ? ಗುಳಿಗಿ ಕೊಡೂಣೇನು?” ಎಂದು ಕೇಳಿದರು, ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಸಲಹೆಗಾರ್ತಿ ಹಾಳೆಯೊಂದರ ಹಿಂಬದಿಯಲ್ಲಿ ಪೆಟ್ಟಿಗೆಯೊಂದನ್ನು ಬರೆದು, ಅದರ ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಪರಮಾಣುಗಳನ್ನು ಗುರುತಿಸಿದರು. ಆಹಾರದಿಂದ ಶಕ್ತಿ ಪಡೆಯುವ ಎಷ್ಟೋ ಪ್ರೋಟೀನುಗಳಿಗೆ ಇಂಥ ಗುಚ್ಛ ಬೇಕೇ ಬೇಕು. ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿ ಎನ್‌ಎಫ್‌ಎಸ್1 ಎಂಬ ಕಿಣ್ವವು ಸಿಸ್ಟೀನ್‌ನಿಂದ ಗಂಧಕವನ್ನು ಬಿಡಿಸಿಕೊಡುತ್ತದೆ, ಐಎಸ್‌ಸಿಯು ಎಂಬ ಪ್ರೋಟೀನಿನ ಮೇಲೆ ಕಬ್ಬಿಣ, ಗಂಧಕಗಳ ಜೋಡಣೆ ನಡೆಯುತ್ತದೆ, ಎಫ್‌ಎಕ್ಸ್‌ಎನ್ ಜೀನಿನಿಂದ ತಯಾರಾಗುವ ಫ್ರಟಾಕ್ಸಿನ್ ಎಂಬ ಪ್ರೋಟೀನು ಈ ಕೆಲಸಕ್ಕೆ ವೇಗ ಕೊಡುತ್ತದೆ. ತಮ್ಮನಲ್ಲಿ ಫ್ರಟಾಕ್ಸಿನ್ನೇ ಸಾಲದು; ಹೀಗಾಗಿ ಗುಚ್ಛಗಳು ಸಾಕಷ್ಟು ಕಟ್ಟಿಕೊಳ್ಳುವುದಿಲ್ಲ, ಬಳಕೆಯಾಗದ ಕಬ್ಬಿಣ ಮೈಟೋಕಾಂಡ್ರಿಯಾದೊಳಗೇ ಸೇರಿಕೊಳ್ಳುತ್ತದೆ. ವೈದ್ಯರನ್ನು ಕೇಳದೆ ಕಬ್ಬಿಣದ ಗುಳಿಗೆ ಕೊಡಬಾರದೆಂಬ ಮಾತನ್ನು ಅವ್ವ ಅಂದೇ ಮನಸ್ಸಿಗೆ ಹಾಕಿಕೊಂಡರು. ಇಷ್ಟು ತಾಳ್ಮೆಯಿಂದ ನಮಗೆ ಯಾರೂ ಹೇಳಿರಲಿಲ್ಲ.

ಹೃದಯದ ಎಕೋ, ಸಕ್ಕರೆಯ ತಪಾಸಣೆ ನಿಯಮಿತವಾಗಿ ಆಗಬೇಕೆಂಬ ಮುಖ್ಯ ಸಲಹೆ ಮಾತ್ರ ಬರೆಹದಲ್ಲಿ ಸಿಗಲಿಲ್ಲ. ಹೃದಯದ ಸ್ನಾಯು ದಪ್ಪವಾಗುವುದು ಈ ಕಾಯಿಲೆಯ ದೊಡ್ಡ ಅಪಾಯವಾಗಿರುವಾಗ, ಅದನ್ನು ಮನೆಮಾತಿನಲ್ಲಿ ಬರೆದ ಒಂದು ಪುಟವನ್ನು ವರದಿಯ ಜೊತೆ ಕೊಡಲೇಬೇಕು. ಬಾಗಿಲ ಮುಂದಿನ ಐದು ಮೆಟ್ಟಿಲುಗಳಿಗೆ ಹಿಡಿಕೆಯೂ ಇಲ್ಲ, ಸಮತೋಲ ತಪ್ಪುವವರೇ ಬರುವ ಜಾಗದಲ್ಲಿ ಇದು ದೊಡ್ಡ ಕೊರತೆ. ತಮ್ಮನನ್ನು ನಾನು ಎರಡೂ ಸಲ ರಟ್ಟೆ ಹಿಡಿದು ಹತ್ತಿಸಿದೆ.

2023ರ ಫೆಬ್ರವರಿಯಲ್ಲಿ ಈ ಕಾಯಿಲೆಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಾವೆಲೊಕ್ಸೊಲೋನ್ ಔಷಧದ ಬಗ್ಗೆ ಕೇಳಿದಾಗ, ಅದು ಕಾಯಿಲೆಯನ್ನು ವಾಸಿಮಾಡುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ತರುವ ಈ ದೋಷದ ಒಂದು ಪ್ರತಿ ಲಕ್ಷಣಗಳಿಲ್ಲದ ನನಗೂ ಬಂದಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಇದೆಯೆಂದು ತಿಳಿದ ಮೇಲೆ, ಮುಂದಿನ ವಾರ ರಕ್ತ ಕೊಡಲು ಇಲ್ಲಿಗೇ ಹೆಸರು ಬರೆಸಿದ್ದೇನೆ.